ಎಳೆಯ ಮಕ್ಕಳ ಎರಡನೆಯ ನುಡಿ



ಎಳೆಯ ಮಕ್ಕಳು ಆಟವಾಡುತ್ತಲೇ ಎರಡನೆಯ ನುಡಿಯೊಂದನ್ನು ಕಲಿತುಬಿಡುವುದನ್ನು ತಾವೆಲ್ಲರೂ ಕಂಡಿರುವಿರಷ್ಟೆ. ಹಾಗೆ ಕಲಿತ ನುಡಿಯು ತಾನಾಗಿಯೇ ಉಳಿಯುವುದೇ ಎಂಬುದು ಈಗ ನಾವು ವಿಚಾರಿಸತಕ್ಕ ವಿಷಯ.

ಅಮೆರಿಕದ ಮಾನವಶಾಸ್ತ್ರಜ್ಞರಾದ ರಾಬಿನ್ಸ್ ಬರ್ಲಿಂಗ್ ಎಂಬವರು 1954ರಲ್ಲಿ ಗಾರೋ ಬೆಟ್ಟಗಳಿಗೆ ಸಂಸಾರಸಮೇತರಾಗಿ ಬಂದರು. ಆ ಸೀಮೆಯು ಆಗ ಅಸ್ಸಾಮಿಗೆ ಸೇರಿದ್ದು, ಈಗ ಮೇಘಾಲಯದಲ್ಲಿದೆ. ಅವರ ಮಗನಿಗೆ ಆಗ ಒಂದು ವರುಷ ನಾಲ್ಕು ತಿಂಗಳು. ತಂದೆತಾಯಿಗಳ ನುಡಿ ಇಂಗ್ಲಿಷು. ಸುತ್ತಲಿನವರ ನುಡಿ ಗಾರೋ. ಬಾಲಕನು ಎರಡನ್ನೂ ಕಲಿತು, ಗಾರೋ ನುಡಿಯನ್ನು ನಿರರ್ಗಳವಾಗಿ ಆಡತೊಡಗಿದನು. 1956ರಲ್ಲಿ ಅವರು ಆ ಬೆಟ್ಟಗಳನ್ನು ಬಿಟ್ಟು ಹೊರಟರು. ಆರು ತಿಂಗಳು ಕಳೆಯುವಷ್ಟರಲ್ಲಿ ಅತಿ ಸಾಧಾರಣವಾದ ಗಾರೋ ಶಬ್ದಗಳೂ ಆ ಬಾಲಕನಿಗೆ ತೋಚದಾದವು.

ಇದರ ಕಾರಣವು ಸ್ಪಷ್ಟವಾಗಿದೆ. ಬೆಳೆದವರ ನುಡಿಗೆ ಓದುಬರಹಗಳ ಆಸರೆಯುಂಟು. ಅಕ್ಷರವರಿಯದ ಕೂಸಿನ ನುಡಿಗೆ ಮಾತನಾಡಿಸುವವರೇ ಆಸರೆ. ಅವರು ದೂರವಾದೊಡನೆ ನುಡಿಯೂ ಬಾಡುವುದು.

ಆದರೂ ಬೇರು ಸಂಪೂರ್ಣವಾಗಿ ಒಣಗುವುದೆಂದು ತಿಳಿಯಲಾಗದು. ಚೀನಾದಲ್ಲಿ ಹುಟ್ಟಿ, ಶೈಶವದಲ್ಲಿಯೇ ಕೆನಡಾದ ಫ್ರೆಂಚ್ ನುಡಿಯ ಮನೆಗಳಿಗೆ ದತ್ತಕವಾಗಿ ಹೋದ ಮಕ್ಕಳನ್ನು ಮಾಂಟ್ರಿಯಲ್ಲಿನ ಸಂಶೋಧಕರು ಪರೀಕ್ಷಿಸಿ, 2014ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ಆ ಮಕ್ಕಳಿಗೆ ಚೀನೀ ಮಾತು ತಿಳಿಯದು. ಆದರೂ ಆ ನುಡಿಯ ಸ್ವರಗಳ ಏರಿಳಿತವು ಕಿವಿಗೆ ಬಿದ್ದಾಗ, ಅವರ ಮಿದುಳು ಚೀನೀ ಬಲ್ಲ ಮಕ್ಕಳ ಮಿದುಳಿನಂತೆಯೇ ಸ್ಪಂದಿಸಿತು. ಅವರದು ಕಳೆದುಹೋದ ಮೊದಲ ನುಡಿ. ಆದರೆ ಬಾಯಿ ಮರೆತುದರ ಗುರುತು ಒಳಗೆ ಉಳಿದಿರಬಲ್ಲುದೆಂಬುದು ಇದರಿಂದ ತಿಳಿದುಬರುತ್ತದೆ.

ಗಡಿಯ ಊರುಗಳಲ್ಲಿ ನೆರೆಯವರಿಂದ ಮರಾಠಿ, ತೆಲುಗುಗಳನ್ನು ಕಲಿತ ಮಕ್ಕಳಿದ್ದಾರೆ. ಪರಪ್ರಾಂತದಲ್ಲಿ ಹುಟ್ಟಿ, ರಜೆಯ ದಿನಗಳಲ್ಲಿ ಅಜ್ಜಿಯ ಮನೆಗೆ ಬಂದು ಕನ್ನಡ ಕಲಿಯುವ ಮಕ್ಕಳೂ ಇದ್ದಾರೆ. ಮರುವರುಷ ಆ ಮಗುವು ತಡವರಿಸಿದರೆ ಮಂದಮತಿಯೆಂದು ಜರೆಯಬೇಡಿರಿ, ನಗಬೇಡಿರಿ. ನಾಚಿದ ಮಗುವು ಬಾಯಿ ತೆರೆಯದು. ಆಡದ ನುಡಿಯು ನಿಲ್ಲದು. ದಿನಕ್ಕೊಂದು ಕತೆಯನ್ನು ಆ ನುಡಿಯಲ್ಲಿಯೇ ಹೇಳಿರಿ. ಮಗುವು ಬೇರೆ ನುಡಿಯಲ್ಲಿ ಉತ್ತರವಿತ್ತರೂ ನಿಮ್ಮ ಮಾತನ್ನು ನಿಲ್ಲಿಸಬೇಡಿರಿ. ಸಕಾಲದಲ್ಲಿ ಅಕ್ಷರವನ್ನೂ ಕಲಿಸಿರಿ. ಇಲ್ಲವಾದರೆ ಅಜ್ಜಿಯೂ ಮೊಮ್ಮಗುವೂ ಒಂದೇ ಜಗಲಿಯಲ್ಲಿ ಕುಳಿತು, ಒಬ್ಬರ ಮಾತು ಒಬ್ಬರಿಗೆ ತಿಳಿಯದೆ ಮೌನವಾಗಿರಬೇಕಾದೀತು.

ಮಗುವಿನ ನುಡಿಯನ್ನು ಉಳಿಸುವ ಭಾರವು ಹಿರಿಯರ ಮೇಲಿದೆಯೆಂದು ಬಿನ್ನವಿಸಿ, ನನ್ನೀ ಅಲ್ಪ ಭಾಷಣವನ್ನು ಮುಗಿಸುವೆನು.