ಯಾವ ಉರಿಯೂತ, ಯಾವ ಅಂಗದಲ್ಲಿ?



ಈ ದತ್ತಿ ಉಪನ್ಯಾಸ ಯಾರ ಹೆಸರಿನದೋ ಆ ಹಿರಿಯ ವೈದ್ಯರ ಕೈಕೆಳಗೆ ಕೆಲಸ ಮಾಡಿದವರು ಈ ಸಭೆಯಲ್ಲಿ ಇನ್ನೂ ಕೆಲವರಿದ್ದೀರಿ. ಅವರ ಹೆಸರಿನಲ್ಲಿ ಮಾತಾಡಲು ಕರೆದದ್ದು ನನ್ನ ಪಾಲಿನ ದೊಡ್ಡ ಗೌರವ. ಕಿರಿಯರು ಬರೆದ ಪರೀಕ್ಷೆಗಳ ಚೀಟಿಯನ್ನು ತರಿಸಿಕೊಂಡು, ಅರ್ಧಕ್ಕರ್ಧ ಹೊಡೆದುಹಾಕಿ, ಉಳಿದದ್ದಕ್ಕೂ ಕಾರಣ ಕೇಳುತ್ತಿದ್ದ ವೈದ್ಯರು ಅವರು. ನನ್ನ ಮಾತಿನ ಕೊನೆಯ ಭಾಗಕ್ಕೆ ಅವರ ಒಪ್ಪಿಗೆ ಸಿಗುತ್ತಿತ್ತು ಎಂಬ ಧೈರ್ಯ ನನಗಿದೆ. ಮೊದಲ ಭಾಗಕ್ಕೆ ಬಹುಶಃ ಜಗಳವಾಡುತ್ತಿದ್ದರು.

ಉರಿಯೂತದ ಮೊದಲ ಪಾಠವನ್ನು ಇಲ್ಲಿ ಒಪ್ಪಿಸುವುದಿಲ್ಲ. ಕೆಂಪು, ಊತ, ಬಿಸಿ, ನೋವು ಎಂಬ ನಾಲ್ಕು ಲಕ್ಷಣಗಳನ್ನು ರೋಮಿನ ಸೆಲ್ಸಸ್ ಮೊದಲನೆಯ ಶತಮಾನದಲ್ಲೇ ಬರೆದಿಟ್ಟ. ಬಿಳಿ ರಕ್ತಕಣಗಳು, ಸೈಟೋಕೈನ್‌ಗಳು, ಯಕೃತ್ತು ಸುರಿಸುವ ಸಿಆರ್‌ಪಿ ಇವೆಲ್ಲ ಯಾವ ಪಠ್ಯಪುಸ್ತಕದಲ್ಲಾದರೂ ಸಿಗುತ್ತವೆ. ಈ ಹೊತ್ತಿನ ವಿಷಯ ಕಣ್ಣಿಗೆ ಕಾಣದೆ, ನೋವೂ ಕೊಡದೆ ವರ್ಷಗಟ್ಟಲೆ ಮಂದವಾಗಿ ನಡೆಯುವ ಉರಿಯೂತ. ಸಕ್ಕರೆ ಕಾಯಿಲೆ, ಹೃದಯಾಘಾತ, ಕೊಬ್ಬಿದ ಯಕೃತ್ತು, ಮರೆವು, ಕ್ಯಾನ್ಸರ್ ಎಲ್ಲಕ್ಕೂ ಅದೇ ಬೇರು ಎಂದು ಈಗ ಸಮ್ಮೇಳನಗಳಲ್ಲೂ ಕೇಳುತ್ತೇವೆ, ಅರಿಶಿನದ ಮಾತ್ರೆ ಮಾರುವವರಿಂದಲೂ ಕೇಳುತ್ತೇವೆ. ನನ್ನ ತಕರಾರು ಈ ಮಾತಿನ ಮೇಲೆ. ರಕ್ತನಾಳದಲ್ಲಿ ಉರಿಯೂತ ಕಾಯಿಲೆಯನ್ನು ಮಾಡುತ್ತದೆ, ಅದಕ್ಕೆ ಪುರಾವೆ ಇದೆ. ಎರಡನೇ ಬಗೆಯ ಮಧುಮೇಹದಲ್ಲಿ ಅದು ಬಹುಮಟ್ಟಿಗೆ ಕಾಯಿಲೆಯ ಹಿಂದೆ ಬರುತ್ತದೆ.

ಎದುರು ಪಕ್ಷದ ವಾದ ಹುಟ್ಟಿದ್ದು 1993ರಲ್ಲಿ. ಬಾಸ್ಟನ್ನಿನಲ್ಲಿ ಗೋಖಾನ್ ಹೊಟಮಿಸ್ಲಿಗಿಲ್, ಬ್ರೂಸ್ ಸ್ಪೀಗಲ್‌ಮನ್ ಮತ್ತು ಸಂಗಡಿಗರು ಬೊಜ್ಜು ಬಂದ ಇಲಿಗಳ ಕೊಬ್ಬಿನಲ್ಲಿ ಟಿಎನ್‌ಎಫ್ ಆಲ್ಫಾ ಹೆಚ್ಚಿರುವುದನ್ನು ಕಂಡರು. ಅದನ್ನು ತಡೆದಾಗ ಇನ್ಸುಲಿನ್ ಮತ್ತೆ ಚೆನ್ನಾಗಿ ಕೆಲಸ ಮಾಡಿತು. 2003ರಲ್ಲಿ ಎರಡು ತಂಡಗಳು ಬೊಜ್ಜಿನ ಕೊಬ್ಬಿನೊಳಗೆ ಮ್ಯಾಕ್ರೋಫೇಜ್ ಕಣಗಳು ಗುಂಪುಗಟ್ಟುವುದನ್ನು ತೋರಿಸಿದವು. ಇಲಿಯ ಮಟ್ಟಿಗೆ ಕಥೆ ಅಚ್ಚುಕಟ್ಟಾಗಿದೆ. ಆದರೆ 1996ರಲ್ಲೇ ಬೊಜ್ಜಿನ ಮಧುಮೇಹಿಗಳಿಗೆ ಟಿಎನ್‌ಎಫ್ ತಡೆಯುವ ಪ್ರತಿಕಾಯ ಕೊಟ್ಟು ನೋಡಿದ್ದರು. ಇನ್ಸುಲಿನ್‌ಗೆ ಮೈ ಸ್ಪಂದಿಸುವುದರಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ. ಒಂದೇ ಚುಚ್ಚುಮದ್ದು, ಕೆಲವೇ ರೋಗಿಗಳು, ಅದರಿಂದ ಏನು ಗೊತ್ತಾದೀತು ಎಂದು ಅವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. 2011ರಲ್ಲಿ ಎಟನರ್ಸೆಪ್ಟ್ ಅನ್ನು ತಿಂಗಳುಗಟ್ಟಲೆ ಕೊಟ್ಟಾಗ ಉಪವಾಸದ ಸಕ್ಕರೆ ಸ್ವಲ್ಪ ಇಳಿದದ್ದನ್ನೂ ಅವರು ಎತ್ತಿ ತೋರಿಸುತ್ತಾರೆ. ಆ 'ಸ್ವಲ್ಪ' ಎಷ್ಟೆಂದು ಕೇಳಿದರೆ ಮಾತ್ರ ದನಿ ತಗ್ಗುತ್ತದೆ.

ಅವರ ಎರಡನೇ ಅಸ್ತ್ರ ಸ್ಯಾಲಿಸಿಲೇಟ್. 1876ರಲ್ಲಿ ಜರ್ಮನಿಯ ಎಬ್‌ಸ್ಟೈನ್, 1901ರಲ್ಲಿ ಇಂಗ್ಲೆಂಡಿನ ವಿಲಿಯಮ್ಸನ್ ಸೋಡಿಯಂ ಸ್ಯಾಲಿಸಿಲೇಟ್ ಕೊಟ್ಟು ಮೂತ್ರದ ಸಕ್ಕರೆ ಇಳಿಸಿದ್ದರು. ಅದರ ಬಂಧು ಸಾಲ್ಸಲೇಟ್ ಅನ್ನು ದಿನಕ್ಕೆ 3.5 ಗ್ರಾಂನಂತೆ 48 ವಾರ ಕೊಟ್ಟ ಪ್ರಯೋಗ 2013ರಲ್ಲಿ ಪ್ರಕಟವಾಯಿತು. ಎಚ್‌ಬಿಎ1ಸಿ 0.37ರಷ್ಟು ಇಳಿಯಿತು, ಜೊತೆಗೆ ಎಲ್‌ಡಿಎಲ್ ಏರಿತು. ನಮ್ಮ ಅಗ್ಗದ ಮೆಟ್‌ಫಾರ್ಮಿನ್ ಇದಕ್ಕಿಂತ ಎಷ್ಟೋ ಹೆಚ್ಚು ಇಳಿಸುತ್ತದೆ. ಅಷ್ಟು ಇಳಿದದ್ದೂ ಉರಿಯೂತ ತಗ್ಗಿದ್ದರಿಂದಲೇ ಎನ್ನುವಂತಿಲ್ಲ. ಸ್ಯಾಲಿಸಿಲೇಟ್ ಜೀವಕೋಶದ ಎಎಂಪಿಕೆ ಎಂಬ ಕಿಣ್ವವನ್ನು ನೇರವಾಗಿ ಚುರುಕುಗೊಳಿಸುತ್ತದೆ ಎಂದು 2012ರಲ್ಲೇ ಗೊತ್ತಾಗಿತ್ತು.

ಉಳಿದದ್ದು ಇಂಟರ್‌ಲ್ಯೂಕಿನ್-1. ಅವರ ವಾದ ಗಟ್ಟಿಯಿರುವುದು ಇಲ್ಲಿ. 2007ರಲ್ಲಿ ಅನಾಕಿನ್ರಾ ಎಂಬ ಔಷಧಿ 13 ವಾರಗಳಲ್ಲಿ ಎಚ್‌ಬಿಎ1ಸಿಯನ್ನು 0.46ರಷ್ಟು ಇಳಿಸಿತು. ಮೇದೋಜೀರಕದ ಬೀಟಾ ಕಣಗಳು ಚೇತರಿಸಿಕೊಂಡವು. ಹತ್ತು ವರ್ಷದ ನಂತರ ಅದೇ ದಾರಿಯನ್ನು ಇನ್ನೂ ಬಿಗಿಯಾಗಿ ಮುಚ್ಚಿ ನೋಡುವ ದೊಡ್ಡ ಪ್ರಯೋಗ ಬಂತು.

2017ರ ಈ ಕ್ಯಾಂಟೋಸ್ ಪ್ರಯೋಗಕ್ಕೆ ಹೆಚ್ಚು ಹೊತ್ತು ಕೊಡುತ್ತೇನೆ, ಕ್ಷಮಿಸಿ. ಹಿಂದೆ ಹೃದಯಾಘಾತವಾಗಿದ್ದ, ಸಿಆರ್‌ಪಿ 2 ಅಥವಾ ಹೆಚ್ಚಿದ್ದ 10,061 ರೋಗಿಗಳು. ಮೂರು ತಿಂಗಳಿಗೊಮ್ಮೆ ಕೆನಕಿನುಮ್ಯಾಬ್ ಚುಚ್ಚುಮದ್ದು. ಇದು ಇಂಟರ್‌ಲ್ಯೂಕಿನ್-1 ಬೀಟಾವನ್ನಷ್ಟೇ ಹಿಡಿಯುತ್ತದೆ, ಕೊಲೆಸ್ಟರಾಲನ್ನು ಮುಟ್ಟುವುದಿಲ್ಲ. 150 ಮಿಲಿಗ್ರಾಂ ಪಡೆದವರಲ್ಲಿ ಹೃದಯಾಘಾತ, ಪಾರ್ಶ್ವವಾಯು, ಹೃದಯ ಸಂಬಂಧಿ ಸಾವು ಒಟ್ಟಾಗಿ ಶೇಕಡ 15ರಷ್ಟು ಕಡಿಮೆಯಾದವು. ರಕ್ತನಾಳದ ರೋಗಕ್ಕೆ ಕೊಲೆಸ್ಟರಾಲ್ ಒಂದೇ ಕಾರಣ ಎಂದು ಹಟ ಹಿಡಿದಿದ್ದವರಿಗೆ ಅಲ್ಲಿ ಉತ್ತರ ಸಿಕ್ಕಿತು. ಸೋಂಕಿನಿಂದ ಸತ್ತವರು ಮಾತ್ರ ಹೆಚ್ಚಾದರು, ಒಟ್ಟು ಸಾವು ಕಡಿಮೆಯಾಗಲಿಲ್ಲ.

ಆ ಪ್ರಯೋಗದ ಇನ್ನೊಂದು ಫಲಿತಾಂಶ 2018ರಲ್ಲಿ ಬಂತು. ಅದನ್ನು ಉರಿಯೂತವಾದಿಗಳು ಹೆಚ್ಚಾಗಿ ಪ್ರಸ್ತಾಪಿಸುವುದಿಲ್ಲ. ಆ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿ, ಜನ 'ಬಾರ್ಡರ್‌ಲೈನ್' ಎನ್ನುವ ಪೂರ್ವ ಮಧುಮೇಹದವರು. ಇವರಲ್ಲಿ ಹೊಸದಾಗಿ ಮಧುಮೇಹಕ್ಕೆ ತಿರುಗಿದವರ ಸಂಖ್ಯೆಯನ್ನು ಕೆನಕಿನುಮ್ಯಾಬ್ ತಗ್ಗಿಸಲಿಲ್ಲ. ಮೊದಲ ತಿಂಗಳುಗಳಲ್ಲಿ ಎಚ್‌ಬಿಎ1ಸಿ ಕೊಂಚ ಇಳಿದು ಮತ್ತೆ ಇದ್ದಲ್ಲಿಗೇ ಬಂತು. ಅದೇ ರೋಗಿ, ಅದೇ ಸೂಜಿ, ರಕ್ತದಲ್ಲಿ ಅದೇ ಸಿಆರ್‌ಪಿ ಇಳಿಕೆ. ಹೃದಯದ ನಾಳಕ್ಕೆ ಪ್ರಯೋಜನವಾಯಿತು, ಸಕ್ಕರೆಗೆ ಆಗಲಿಲ್ಲ. ಎರಡು ಅಂಗಗಳಲ್ಲಿ ಉರಿಯೂತದ ಪಾತ್ರ ಬೇರೆ ಬೇರೆ ಎನ್ನಲು ಇದಕ್ಕಿಂತ ನೇರವಾದ ಸಾಕ್ಷ್ಯ ನನಗೆ ಗೊತ್ತಿಲ್ಲ. 'ಒಂದು ಸೈಟೋಕೈನ್ ತಡೆದರೆ ಸಾಲದು, ಇನ್ನೊಂದು ದಾರಿ ತೆರೆದಿರುತ್ತದೆ' ಎನ್ನುವವರಿದ್ದಾರೆ. ಇರಬಹುದು. ಆದರೆ ಪ್ರತಿ ಸೋಲಿನ ನಂತರವೂ ಇನ್ನೊಂದು ದಾರಿ ತೋರಿಸುತ್ತ ಹೋದರೆ ಆ ಸಿದ್ಧಾಂತವನ್ನು ಪರೀಕ್ಷೆಗೆ ಒಡ್ಡುವುದಾದರೂ ಹೇಗೆ?

ಹಾಗಾದರೆ ಕೊಬ್ಬಿನಲ್ಲಿ ಕಾಣುವ ಮ್ಯಾಕ್ರೋಫೇಜ್‌ಗಳು ಯಾಕೆ ಬಂದವು? ಕಣಜ ತುಂಬಿ ಭತ್ತ ಜಗಲಿಗೆ ಚೆಲ್ಲಿದಾಗ ಇರುವೆ ಸಾಲುಗಟ್ಟುತ್ತವೆ. ಭತ್ತ ಚೆಲ್ಲಿದ್ದು ಇರುವೆಗಳಲ್ಲ. ಚರ್ಮದಡಿಯ ಕೊಬ್ಬಿನಲ್ಲಿ ಜಾಗ ಮುಗಿದ ಮೇಲೆ ಕೊಬ್ಬು ಯಕೃತ್ತಿಗೆ, ಸ್ನಾಯುವಿಗೆ, ಮೇದೋಜೀರಕಕ್ಕೆ ಹರಿಯುತ್ತದೆ. ಸತ್ತ ಕೊಬ್ಬಿನ ಕಣಗಳನ್ನು ಎತ್ತಿಹಾಕಲು ಮ್ಯಾಕ್ರೋಫೇಜ್ ಬರುತ್ತವೆ. 2014ರಲ್ಲಿ ಫಿಲಿಪ್ ಷೆರರ್ ಅವರ ತಂಡ ಇಲಿಗಳ ಕೊಬ್ಬಿನ ಕಣಗಳಲ್ಲೇ ಉರಿಯೂತವನ್ನು ತಡೆಯಿತು. ಕೊಬ್ಬು ಸರಿಯಾಗಿ ಹಿಗ್ಗಲಾರದೆ ಆ ಇಲಿಗಳ ಸ್ಥಿತಿ ಇನ್ನೂ ಕೆಟ್ಟಿತು.

ನಮ್ಮವರಲ್ಲಿ ಈ ಜಾಗವೇ ಕಡಿಮೆ ಎಂಬುದು ಪುಣೆಯ ಚಿತ್ತರಂಜನ್ ಯಾಜ್ಞಿಕ್ ಅವರ ಕೆಲಸದಿಂದ ಸ್ಪಷ್ಟವಾಗಿದೆ. 2004ರ ಲ್ಯಾನ್ಸೆಟ್‌ನಲ್ಲಿ ಅವರೂ ಲಂಡನ್ನಿನ ಜಾನ್ ಯುಡ್ಕಿನ್ ಅವರೂ ತಮ್ಮದೇ ಚಿತ್ರ ಹಾಕಿಕೊಂಡರು. ಇಬ್ಬರ ಬಿಎಂಐ 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇಕಡ 9.1, ಯಾಜ್ಞಿಕ್ ಮೈಯಲ್ಲಿ 21.2. ಇನ್ನೂ ಹಿಂದಕ್ಕೆ ಹೋಗಬೇಕೆಂದರೆ ಮೈಸೂರಿಗೇ ಬರಬೇಕು. ನಾವು ಮಿಷನ್ ಆಸ್ಪತ್ರೆ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಶಿಶುಗಳ ತೂಕ, ಉದ್ದ ಬರೆದಿಟ್ಟಿದ್ದರು. ಆ ಶಿಶುಗಳು ನಡುವಯಸ್ಸಿಗೆ ಬಂದಾಗ ಹುಡುಕಿ ಪರೀಕ್ಷಿಸಿ, ಕರೋಲಿನ್ ಫಾಲ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ವರದಿಯಲ್ಲಿ ಮಧುಮೇಹ ಹೆಚ್ಚು ಕಂಡದ್ದು ಹುಟ್ಟುವಾಗ ಗಿಡ್ಡವಾಗಿದ್ದು, ಉದ್ದಕ್ಕೆ ಮೀರಿ ಮೈ ತುಂಬಿಕೊಂಡಿದ್ದವರಲ್ಲಿ. ಅವರ ತಾಯಂದಿರ ತೂಕವೂ ಹೆಚ್ಚಿತ್ತು. ಗರ್ಭದಲ್ಲೇ ಉರಿಯೂತ ಶುರುವಾಗಿತ್ತು ಎಂದು ವಾದಿಸುವವರು ಅದನ್ನು ಅಳೆದು ತೋರಿಸಲಿ.

ರಕ್ತನಾಳದ ಕಡೆಯೂ ಎಲ್ಲ ಸಲೀಸಾಗಿಲ್ಲ. ಮೆಥೊಟ್ರೆಕ್ಸೇಟ್ ಪ್ರಯೋಗ ಸೋತಿತು. ಆದರೆ ಅದು ಇಂಟರ್‌ಲ್ಯೂಕಿನ್‌ಗಳನ್ನಾಗಲಿ ಸಿಆರ್‌ಪಿಯನ್ನಾಗಲಿ ಇಳಿಸಿರಲಿಲ್ಲ. ಹಾಗಾಗಿ ಆ ಸೋಲನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಾಲ್ಚಿಸಿನ್ 2019ರ ಕೋಲ್ಕಾಟ್‌ನಲ್ಲಿ ಶೇಕಡ 23, 2020ರ ಲೋಡೋಕೋ-2ರಲ್ಲಿ ಶೇಕಡ 31 ಅಪಾಯ ತಗ್ಗಿಸಿತು. 2024ರಲ್ಲಿ ಏಳು ಸಾವಿರ ರೋಗಿಗಳ ಕ್ಲಿಯರ್ ಪ್ರಯೋಗದಲ್ಲಿ ಏನೂ ಮಾಡಲಿಲ್ಲ. ಇದನ್ನು ನುಂಗಿಕೊಳ್ಳಲೇಬೇಕು. ವಿದ್ಯಾರ್ಥಿಗಳಿಗೆ ಒಂದು ಮಾತು: ನಮ್ಮ ಮಲೆನಾಡಿನ ಬೇಲಿಗಳಲ್ಲಿ ಮಳೆಗಾಲಕ್ಕೆ ಅರಳುವ ಗೌರಿ ಹೂವಿನ ಗಡ್ಡೆಯಲ್ಲೂ ಕಾಲ್ಚಿಸಿನ್ ಇದೆ. ಮದ್ದಿನ ಪ್ರಮಾಣಕ್ಕೂ ವಿಷದ ಪ್ರಮಾಣಕ್ಕೂ ಅಂತರ ಕಡಿಮೆ. ಮೂತ್ರಪಿಂಡ ಸೋತವರಿಗೆ ಬರೆಯುವಾಗ ಕೈ ತಡೆಯಿರಿ.

ಈಗ ದತ್ತಿಯ ಹಿರಿಯರು ಚೀಟಿ ಹಿಡಿದು ಕೂರುತ್ತಿದ್ದ ಜಾಗಕ್ಕೆ ಬಂದೆ. ಎಲ್ಲರಿಗೂ ಸಿಆರ್‌ಪಿ ನೋಡಬೇಕೆಂದು ಅಮೆರಿಕನ್ ಕಾಲೇಜ್ ಆಫ್ ಕಾರ್ಡಿಯಾಲಜಿ 2025ರಲ್ಲಿ ಹೇಳಿದೆ. ಅದರ ಬೆನ್ನಿಗೆ 27,939 ಮಹಿಳೆಯರನ್ನು 30 ವರ್ಷ ಗಮನಿಸಿದ ಅಧ್ಯಯನವಿದೆ. ಮುಂದಿನ ಅಪಾಯವನ್ನು ಸಿಆರ್‌ಪಿ ಮುಂಚಿತವಾಗಿ ಸೂಚಿಸುತ್ತದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹುಟ್ಟಿನಿಂದಲೇ ಸಿಆರ್‌ಪಿ ಹೆಚ್ಚಿಸುವ ವಂಶವಾಹಿ ಪಡೆದವರಿಗೆ ಹೃದ್ರೋಗ ಹೆಚ್ಚಿಲ್ಲ ಎಂದು 2011ರಲ್ಲೇ ತೀರ್ಮಾನವಾಗಿದೆ. ಸಿಆರ್‌ಪಿ ಸ್ವತಃ ಏನೂ ಮಾಡುವುದಿಲ್ಲ. ಅದರ ಹಿಂದಿರುವ ಇಂಟರ್‌ಲ್ಯೂಕಿನ್-6 ದಾರಿ ಮಾಡುತ್ತದೆ. 2012ರ ವಂಶವಾಹಿ ಅಧ್ಯಯನಗಳು ಅದನ್ನೂ ತೋರಿಸಿವೆ. ನಮ್ಮ ಊರುಗಳಲ್ಲಿ ಹುಳುಕು ಹಲ್ಲು, ಒಸಡಿನ ಕೀವು, ಕಾಲಿನ ಹುಣ್ಣು, ನೆಗಡಿ ಎಲ್ಲವೂ ಈ ಅಂಕಿಯನ್ನು ಏರಿಸುತ್ತವೆ. ಆರೋಗ್ಯ ಪ್ಯಾಕೇಜಿನಲ್ಲಿ ಒಮ್ಮೆ ನೋಡಿದ ಸಿಆರ್‌ಪಿ ಹಿಡಿದುಕೊಂಡು, ನಿದ್ದೆಗೆಟ್ಟು, ಅರಿಶಿನದ ಸೀಸೆಯ ಜೊತೆ ಬರುವವರು ನನ್ನ ಹೊರರೋಗಿ ವಿಭಾಗದಲ್ಲಿ ಈಗ ಅಪರೂಪವಲ್ಲ. ಅವರ ಸೊಂಟದ ಸುತ್ತಳತೆಯನ್ನು ಯಾರೂ ತೆಗೆದಿರುವುದಿಲ್ಲ. ಸ್ಟ್ಯಾಟಿನ್ ಕೊಡಬೇಕೋ ಬೇಡವೋ ಎಂಬ ತೂಗಾಟದಲ್ಲಿರುವ ರೋಗಿಗೆ ಎರಡು ಬಾರಿ ನೋಡಿ, ಒಪ್ಪುತ್ತೇನೆ. ಉಳಿದವರಿಗೆ ಒಂದು ಟೇಪು ಸಾಕು.

ನನ್ನ ವಾದ ಬೀಳಬೇಕಾದರೆ ಏನಾಗಬೇಕು ಎಂದು ಪ್ರಶ್ನೋತ್ತರದಲ್ಲಿ ಕೇಳುವವರಿದ್ದೀರಿ, ಈಗಲೇ ಹೇಳಿಬಿಡುತ್ತೇನೆ. ಪೂರ್ವ ಮಧುಮೇಹದ ಭಾರತೀಯರನ್ನು ಆರಿಸಿಕೊಳ್ಳಿ. ತೂಕವೂ ಸೊಂಟವೂ ಯಕೃತ್ತಿನ ಕೊಬ್ಬೂ ಬದಲಾಗದಂತೆ ಉರಿಯೂತವನ್ನಷ್ಟೇ ತಡೆಯಿರಿ. ಎರಡು ಮೂರು ವರ್ಷ ಕಾಯಿರಿ. ಚುಚ್ಚುಮದ್ದು ನಿಲ್ಲಿಸಿದ ಮೇಲೂ ಆ ಗುಂಪಿನಲ್ಲಿ ಮಧುಮೇಹ ಕಡಿಮೆಯೇ ಉಳಿದರೆ, ಅದರ ಮುಂದಿನ ವರ್ಷದ ದತ್ತಿ ಉಪನ್ಯಾಸಕ್ಕೆ ಆ ಪ್ರಯೋಗ ನಡೆಸಿದವರನ್ನು ಕರೆಯಿರಿ. ನಾನು ಮೊದಲ ಸಾಲಿನಲ್ಲಿ ಕೂತು ಕೇಳುತ್ತೇನೆ.