ಹೆಸರಿಡದ ಹುಣ್ಣು

ಮಳವಳ್ಳಿ ತಾಲ್ಲೂಕಿನ ಬೆಳಕವಾಡಿ ನನ್ನ ಸೋದರತ್ತೆಯ ಊರು. ಆ ಊರಿನ ಹೆಸರು ಕೇಳಿದೊಡನೆ ನನಗೆ ಸಮೀಪದ ಶಿವನಸಮುದ್ರ ನೆನಪಾಗುತ್ತದೆ. ೧೯೦೨ರಲ್ಲಿ ಅಲ್ಲಿ ಕಾವೇರಿಯ ನೀರಿನಿಂದ ವಿದ್ಯುತ್ತನ್ನು ತೆಗೆದಾಗ ಅದು ಮೊದಲು ಹೋದದ್ದು ೯೨ ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ, ೧೯೦೫ರಲ್ಲಿ ಬೆಂಗಳೂರಿಗೆ. ತಂತಿ ಹಾದುಹೋದ ಹಳ್ಳಿಗಳಲ್ಲಿ ಬಹುಕಾಲ ಸೀಮೆಎಣ್ಣೆಯ ಬುಡ್ಡಿಯೇ ಉರಿಯಿತು. ಕ್ಯಾನ್ಸರಿನ ವಿಷಯ ಹೇಳಲು ಹೊರಟವನು ವಿದ್ಯುತ್ತಿನ ಮಾತನ್ನೇಕೆ ತೆಗೆದೆನೆಂದು ಶ್ರೋತೃಗಳು ಕೇಳಬಹುದು. ನಮ್ಮ ಕಡೆಯ ಜನ ವಿಕಿರಣ ಚಿಕಿತ್ಸೆಯನ್ನು ‘ಕರೆಂಟು ಕೊಡುವುದು’ ಎನ್ನುತ್ತಾರೆ. ಆ ಕರೆಂಟೂ ಅದರ ಹಿಂದಿನ ತಿಳಿವಳಿಕೆಯೂ ನಮ್ಮ ಮನೆಗೆ ತಡವಾಗಿಯೇ ಬಂದವು. ತಡವಾದುದರಲ್ಲಿ ನನ್ನ ಪಾಲೂ ಇದೆ.

ಅತ್ತೆಯ ಸೊಂಟದಲ್ಲಿ ಸದಾ ಎಲೆಅಡಿಕೆಯ ಚೀಲವಿರುತ್ತಿತ್ತು. ವೀಳ್ಯದೆಲೆ, ಅಡಿಕೆ, ಸುಣ್ಣ, ಒಂದು ಚೂರು ಹೊಗೆಸೊಪ್ಪು. ರಾತ್ರಿ ಮಲಗುವಾಗಲೂ ಎಡದವಡೆಯಲ್ಲಿ ಅದನ್ನು ಒತ್ತರಿಸಿಕೊಂಡೇ ನಿದ್ರೆಹೋಗುವರು. ೧೯೮೬ರ ಬೇಸಗೆಯಲ್ಲಿ ಅದೇ ಜಾಗದಲ್ಲಿ ಒಂದು ಹುಣ್ಣಾಯಿತು. ನೋವಿರಲಿಲ್ಲ; ಆದ್ದರಿಂದ ಯಾರೂ ಗಾಬರಿಪಡಲಿಲ್ಲ. ಉಷ್ಣವೆಂದು ಮಜ್ಜಿಗೆ ಕುಡಿಸಿದರು, ಜೇನುತುಪ್ಪ ಸವರಿದರು. ಹೀಗೆ ನಾಲ್ಕು ತಿಂಗಳು ಕಳೆದವು. ನೋವಿಲ್ಲದ ಹುಣ್ಣಿಗೇ ಹೆಚ್ಚು ಹೆದರಬೇಕು ಎಂಬುದನ್ನು ನಾನು ಕಲಿತದ್ದು ಆಮೇಲೆ.

ಕಡೆಗೆ ಪೇಟೆಯ ವೈದ್ಯರೊಬ್ಬರು ಹುಣ್ಣಿನ ಅಂಚಿನಿಂದ ಚೂರು ಮಾಂಸವನ್ನು ತೆಗೆದು ಪರೀಕ್ಷೆಗೆ ಕಳುಹಿಸಿದರು. ವರದಿ ಬಂತು. ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದ ನಾನೇ ಮನೆಯಲ್ಲಿ ಓದಿದವನು. ಕಾಗದ ನನ್ನ ಕೈಗೆ ಬಂತು. ‘ವೆಲ್ ಡಿಫರೆನ್ಷಿಯೇಟೆಡ್’ ಎಂದು ಮೊದಲಿತ್ತು. ಮುಂದಿನ ಉದ್ದನೆಯ ಪದಗಳು ನನಗೆ ಅರ್ಥವಾಗಲಿಲ್ಲ. ‘ವೆಲ್’ ಎಂದರೆ ಚೆನ್ನಾಗಿದೆ ಎಂದಲ್ಲವೆ? ಗಾಬರಿಯಾಗುವಂಥದ್ದೇನಿಲ್ಲ, ಸುಗ್ಗಿ ಮುಗಿಯಲಿ, ಆಮೇಲೆ ವೈದ್ಯರನ್ನು ಕಾಣೋಣ ಎಂದೆ. ಎಲ್ಲರಿಗೂ ಸಮಾಧಾನವಾಯಿತು. ಇನ್ನೂ ಮೂರು ವಾರ ಹೋಯಿತು.

ಆ ಪದದ ಅರ್ಥ ಇಷ್ಟೆ: ಕೆಟ್ಟ ಜೀವಕೋಶಗಳು ತಾವು ಹುಟ್ಟಿದ ಚರ್ಮದ ಕೋಶಗಳ ಹೋಲಿಕೆಯನ್ನು ಇನ್ನೂ ಉಳಿಸಿಕೊಂಡಿವೆ. ಹೋಲಿಕೆ ಪೂರ್ತಿ ಅಳಿಸಿಹೋದ ಕೋಶಗಳಿಗಿಂತ ಇವು ಸಾಮಾನ್ಯವಾಗಿ ನಿಧಾನವಾಗಿ ಬೆಳೆಯುತ್ತವೆ. ಆ ಮಟ್ಟಿಗೆ ನನ್ನ ಓದು ಪೂರ್ತಿ ಸುಳ್ಳಲ್ಲ. ಆದರೆ ಕ್ಯಾನ್ಸರ್ ಕ್ಯಾನ್ಸರೇ.

ಕನಕಪುರದ ಹಾದಿಯ ಬಸ್ಸಿನಲ್ಲಿ ಅತ್ತೆಯನ್ನು ಬೆಂಗಳೂರಿಗೆ ಕರೆದೊಯ್ದೆವು. ೧೯೭೩ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆಯ ಹೆಸರನ್ನು ಆಗ ಹಳ್ಳಿಯವರೂ ಬಲ್ಲರು. ಅದಕ್ಕೇ ಅತ್ತೆಯ ಎದುರಿನಲ್ಲಿ ಆ ಹೆಸರನ್ನು ಎತ್ತಕೂಡದೆಂದು ನಮ್ಮ ಕಟ್ಟಪ್ಪಣೆ. ‘ಹಲ್ಲಿನ ಆಸ್ಪತ್ರೆ’ ಎಂದೆವು. ಶಸ್ತ್ರಕ್ರಿಯೆಯಾಗಿ, ಕರೆಂಟು ಕೊಡುವ ಮೂರನೆಯ ವಾರದಲ್ಲಿ ಅವರು ನನ್ನನ್ನು ಹತ್ತಿರ ಕರೆದು, “ನಂಗೇನು ಗೊತ್ತಿಲ್ವೇನಪ್ಪ? ಇಲ್ಲಿ ಕೂತಿರೋರೆಲ್ಲ ಬಾಯಿಗೆ ವಸ್ತ್ರ ಕಟ್ಕೊಂಡವ್ರೆ. ಮೊದ್ಲೇ ಹೇಳಿದ್ರೆ ಹೊಗೆಸೊಪ್ಪನಾದ್ರೂ ಬಿಡ್ತಿದ್ದೆ” ಎಂದರು. ನಾವು ಮುಚ್ಚಿಟ್ಟದ್ದರಿಂದ ಆ ಚೀಲ ಆಸ್ಪತ್ರೆಗೂ ಬಂದಿತ್ತು. ಆಮೇಲೆ ಅವರು ಹದಿನಾಲ್ಕು ತಿಂಗಳು ಬದುಕಿದರು.

ಹೊಗೆಸೊಪ್ಪು ಬೆರೆತ ಎಲೆಅಡಿಕೆ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ, ಫ್ರಾನ್ಸಿನ ಲಿಯಾನ್ ನಗರದ ಸಂಶೋಧನ ಕೇಂದ್ರವು ಪ್ರಕಟಿಸಿದ್ದು ೧೯೮೫ರಲ್ಲಿ. ಅಂದರೆ ಅತ್ತೆಗೆ ಹುಣ್ಣಾಗುವ ಹಿಂದಿನ ವರ್ಷ. ಹೊಗೆಸೊಪ್ಪಿಲ್ಲದ ಅಡಿಕೆಯೂ ಅಪಾಯವೆಂದು ಅದೇ ಕೇಂದ್ರ ೨೦೦೩ರಲ್ಲಿ ನಿರ್ಣಯಿಸಿತು. ಅಡಿಕೆ ಬೆಳೆಯುವ ನಾಡಿಗೆ ಇದು ರುಚಿಸುವ ಮಾತಲ್ಲ, ಬಲ್ಲೆ.

ಈ ನಡುವೆ ವಿಜ್ಞಾನ ಬಹುದೂರ ನಡೆದಿದೆ. ಒಂದು ಬಗೆಯ ರಕ್ತದ ಕ್ಯಾನ್ಸರನ್ನು ಗುಳಿಗೆಯಿಂದಲೇ ಹತೋಟಿಯಲ್ಲಿಡುವ ಇಮ್ಯಾಟಿನಿಬ್ ೨೦೦೧ರಲ್ಲಿ ಬಳಕೆಗೆ ಬಂತು. ಅದರ ಪೇಟೆಂಟಿನ ವ್ಯಾಜ್ಯವನ್ನು ನಮ್ಮ ಸುಪ್ರೀಂ ಕೋರ್ಟು ೨೦೧೩ರಲ್ಲಿ ತಳ್ಳಿಹಾಕಿದ್ದರಿಂದ ಅಗ್ಗದ ಗುಳಿಗೆ ಬಡವರಿಗೆ ಉಳಿಯಿತು. ಗರ್ಭಕೊರಳಿನ ಕ್ಯಾನ್ಸರಿಗೆ ವೈರಸ್ಸು ಕಾರಣವೆಂದು ತೋರಿಸಿದ ಹೆರಾಲ್ಡ್ ಜುರ್ ಹೌಸೆನ್ನರಿಗೆ ೨೦೦೮ರಲ್ಲಿ ನೊಬೆಲ್ ಬಂತು. ಅದಕ್ಕೆ ಲಸಿಕೆಯೂ ಇದೆ. ಆದರೆ ನನ್ನ ಮನಸ್ಸು ನಿಲ್ಲುವುದು ಇವಕ್ಕಿಂತ ಸರಳವಾದ ಒಂದು ಕೆಲಸದ ಮೇಲೆ. ೧೯೯೬ರಲ್ಲಿ ಕೇರಳದ ತಿರುವನಂತಪುರ ಜಿಲ್ಲೆಯ ೧೩ ಪಂಚಾಯಿತಿಗಳಲ್ಲಿ ಒಂದು ಅಧ್ಯಯನ ಮೊದಲಾಯಿತು. ಏಳರಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯೊಳಗನ್ನು ಕಣ್ಣಿನಿಂದಲೇ ನೋಡಿದರು; ಉಳಿದ ಆರರಲ್ಲಿ ಎಂದಿನಂತೆ ಬಿಟ್ಟರು. ೨೦೦೫ರಲ್ಲಿ ಫಲಿತಾಂಶ ಬಂದಾಗ, ಹೊಗೆಸೊಪ್ಪು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಮೂರರಲ್ಲೊಂದು ಪಾಲಿನಷ್ಟು ಇಳಿದಿತ್ತು. ಯಂತ್ರವಿಲ್ಲ, ಔಷಧವಿಲ್ಲ. ನೋಡುವ ಕಣ್ಣಿಗೆ ಏನು ನೋಡಬೇಕೆಂದು ತಿಳಿದಿತ್ತು.

ಏನು ನೋಡಬೇಕು? ಕೆನ್ನೆಯ ಒಳಗೆ ಒರೆಸಿದರೂ ಹೋಗದ ಬಿಳಿಮಚ್ಚೆ. ಕೆಂಪು ಮಚ್ಚೆಯಾದರೆ ಇನ್ನೂ ಕೆಟ್ಟದ್ದು. ಎರಡು ಮೂರು ವಾರಗಳಾದರೂ ಮಾಯದ ಹುಣ್ಣು. ದಿನೇ ದಿನೇ ಬಾಯಿ ಬಿಗಿದು, ಮುದ್ದೆಯ ತುತ್ತು ಹಿಡಿಯದಂತಾಗುವುದು. ಕೊರಳಿನಲ್ಲಿ ಗಂಟು.

ಇಷ್ಟನ್ನು ಕನ್ನಡದಲ್ಲಿ ಹೇಳಲು ಪದಗಳಿಲ್ಲವೆನ್ನುವವರನ್ನು ನಾನು ಒಪ್ಪುವುದಿಲ್ಲ. ಡಾ. ಎಂ. ಶಿವರಾಂ, ಡಾ. ಅನುಪಮಾ ನಿರಂಜನ ಮೊದಲಾದ ವೈದ್ಯ ಲೇಖಕರು ದೇಹದ ಮಾತನ್ನು ಮನೆಯ ಕನ್ನಡದಲ್ಲಿ ಬರೆದು ತೋರಿಸಿದ್ದಾರೆ. ಅನುಪಮಾ ಅವರು ಇದೇ ರೋಗದಿಂದ ೧೯೯೧ರಲ್ಲಿ ತೀರಿಕೊಂಡರು. ಅಮೆರಿಕದ ವೈದ್ಯಕೀಯ ಗ್ರಂಥಾಲಯವು ಸಂಶೋಧನ ಲೇಖನಗಳ ಸೂಚಿಯನ್ನು ೧೯೯೭ರಿಂದ ಲೋಕಕ್ಕೆಲ್ಲ ಪುಕ್ಕಟೆಯಾಗಿ ತೆರೆದಿಟ್ಟಿದೆ. ತೆರೆದ ಬಾಗಿಲೇನೋ ಸರಿ. ಆದರೆ ಅದರೊಳಗಿನ ಇಂಗ್ಲಿಷು ನನ್ನ ಕೈಗೆ ಬಂದ ಆ ವರದಿಯ ಇಂಗ್ಲಿಷೇ. ರೋಗಿ ಹೊತ್ತು ತಿರುಗುವ ಕಾಗದದಲ್ಲಿ ಕನ್ನಡದ ಎರಡು ಸಾಲನ್ನು ಬರೆದುಕೊಟ್ಟರೆ ಆಸ್ಪತ್ರೆಗೆ ತಗಲುವ ವೆಚ್ಚವೇನು?

ಕಳೆದ ಸಲ ಬೆಳಕವಾಡಿಗೆ ಹೋದಾಗ ಅತ್ತೆಯ ಸೊಸೆ ಜಗಲಿಯ ಬೆಳಕಿನಲ್ಲಿ ಕುಳಿತು, “ಭಾವ, ಒಸಿ ನೋಡಿ” ಎಂದು ಬಾಯಿ ತೆರೆದರು. ಬಲಗೆನ್ನೆಯೊಳಗೆ ಉಗುರಿನಗಲದ ಬಿಳಿಮಚ್ಚೆ. ಏನಿರಬಹುದೆಂದು ಕೇಳಿದರು. ಈ ಸಲ ನಾನು ಹೆಸರನ್ನು ನುಂಗಲಿಲ್ಲ. ಕ್ಯಾನ್ಸರ್ ಆಗಿರಬಹುದು, ಆಗಿಲ್ಲದೆಯೂ ಇರಬಹುದು, ನಾಳೆಯೇ ತೋರಿಸೋಣ ಎಂದೆ. ಚೂರು ತೆಗೆದು ಪರೀಕ್ಷಿಸಿದರು. ವರದಿಯ ಪ್ರತಿಯೊಂದು ಪದದ ಅರ್ಥವನ್ನೂ ವೈದ್ಯರ ಎದುರಿನಲ್ಲೇ ಕೇಳಿ ಬರೆದುಕೊಂಡೆ. ಇನ್ನೂ ಕ್ಯಾನ್ಸರ್ ಆಗಿರಲಿಲ್ಲ. ಆರು ತಿಂಗಳಿಗೊಮ್ಮೆ ತೋರಿಸಬೇಕೆಂದರು. ಅವರು ಹೊಗೆಸೊಪ್ಪನ್ನು ಅಂದೇ ಬಿಟ್ಟರು. ಅಡಿಕೆಯನ್ನು ಇನ್ನೂ ಬಿಟ್ಟಿಲ್ಲ; ಆ ವಿಷಯದಲ್ಲಿ ನಮ್ಮಿಬ್ಬರ ಜಗಳ ನಡೆದೇ ಇದೆ.