ವಿದ್ಯಾಲಯದ ಆವರಣದಲ್ಲಿ ಲೈಂಗಿಕ ಕಿರುಕುಳ: ತಡೆ ಮತ್ತು ದೂರು



ಉನ್ನತ ವ್ಯಾಸಂಗಕ್ಕಾಗಿ ಮನೆ ಬಿಟ್ಟು ದೂರದ ನಗರಕ್ಕೆ ತೆರಳಿದ ವಿದ್ಯಾರ್ಥಿನಿಯೊಡನೆ ಅಧ್ಯಾಪಕನೋ ಸಹಪಾಠಿಯೋ ಅನುಚಿತವಾಗಿ ವರ್ತಿಸಿದಾಗ, ಆಕೆ ಅನೇಕ ವೇಳೆ ಮೌನ ತಾಳುತ್ತಾಳೆ. ಅಂಕಗಳು ಕಡಿಮೆಯಾದಾವು, ಮನೆಯವರು ಓದು ಬಿಡಿಸಿಯಾರು ಎಂಬ ಅಳುಕೇ ಇದಕ್ಕೆ ಕಾರಣ. ಆದರೆ ಈ ಮೌನ ತಪ್ಪಿತಸ್ಥನನ್ನು ಕಾಪಾಡುತ್ತದೆಯೇ ಹೊರತು ಆಕೆಯನ್ನಲ್ಲ.

ಬಾಲ್ಯವಿವಾಹ ತಡೆಯಲು ಶ್ರಮಿಸಿದ ರಾಜಸ್ಥಾನದ ಗ್ರಾಮೀಣ ಕಾರ್ಯಕರ್ತೆಯೊಬ್ಬರು 1992ರಲ್ಲಿ ಸಾಮೂಹಿಕ ಅತ್ಯಾಚಾರಕ್ಕೆ ಗುರಿಯಾದರು. ಈ ಘಟನೆಯ ಹಿನ್ನೆಲೆಯಲ್ಲಿ ಸಲ್ಲಿಕೆಯಾದ ವಿಶಾಖಾ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1997ರ ಆಗಸ್ಟ್ 13ರಂದು ಮಾರ್ಗಸೂಚಿಗಳನ್ನು ವಿಧಿಸಿತು. 2013ರಲ್ಲಿ ಸಂಸತ್ತು ಕಾಯಿದೆಯನ್ನು ರೂಪಿಸಿತು. ಬಳಿಕ ವಿಶ್ವವಿದ್ಯಾಲಯ ಅನುದಾನ ಆಯೋಗದ 2015ರ ವಿನಿಯಮಗಳು ಉನ್ನತ ಶಿಕ್ಷಣ ಸಂಸ್ಥೆಗಳ ಹೊಣೆಯನ್ನು ಸ್ಪಷ್ಟಪಡಿಸಿದವು.

ಇದರಂತೆ ಪ್ರತಿಯೊಂದು ಸಂಸ್ಥೆಯಲ್ಲಿ ಆಂತರಿಕ ದೂರು ಸಮಿತಿ ಇರತಕ್ಕದ್ದು. ಹಿರಿಯ ಅಧ್ಯಾಪಕಿ ಇದರ ಅಧ್ಯಕ್ಷೆ. ಸದಸ್ಯರಲ್ಲಿ ಕನಿಷ್ಠ ಅರ್ಧದಷ್ಟು ಮಹಿಳೆಯರು. ಸಂಸ್ಥೆಯ ಹೊರಗಿನ ಸದಸ್ಯರೊಬ್ಬರೂ ಇರಬೇಕು. ವಿದ್ಯಾರ್ಥಿಗಳಿಗೆ ಸಂಬಂಧಿಸಿದ ಪ್ರಕರಣವಾದರೆ ಮೂವರು ಚುನಾಯಿತ ವಿದ್ಯಾರ್ಥಿಗಳೂ ಸೇರುತ್ತಾರೆ. ಕುಲಪತಿ, ಕುಲಸಚಿವರಂಥ ಉನ್ನತಾಧಿಕಾರಿಗಳು ಸದಸ್ಯರಾಗುವಂತಿಲ್ಲ.

ಘಟನೆ ನಡೆದ ಮೂರು ತಿಂಗಳೊಳಗೆ ಲಿಖಿತ ದೂರು ಸಲ್ಲಿಸಬೇಕು. ತಡವಾದುದಕ್ಕೆ ಸೂಕ್ತ ಕಾರಣವಿದ್ದರೆ ಸಮಿತಿಯು ಇನ್ನೂ ಮೂರು ತಿಂಗಳ ಅವಕಾಶ ನೀಡಬಹುದು. ಬರೆದು ಕೊಡಲಾಗದವರಿಗೆ ಸಮಿತಿಯ ಸದಸ್ಯರೇ ನೆರವಾಗಬೇಕು. ವಿಚಾರಣೆ 90 ದಿನಗಳಲ್ಲಿ ಮುಗಿಯತಕ್ಕದ್ದು. ದೂರುದಾರಳ ಹೆಸರು ಗೋಪ್ಯವಾಗಿರಬೇಕು. ಸಾಕ್ಷ್ಯ ಸಾಲದೆ ಹೋದ ಮಾತ್ರಕ್ಕೆ ಆಕೆಯ ಮೇಲೆ ಕ್ರಮ ಜರುಗಿಸುವಂತಿಲ್ಲ. ವಿಚಾರಣೆಯ ಅವಧಿಯಲ್ಲಿ ಆರೋಪಿತ ಅಧ್ಯಾಪಕನು ಆಕೆಯ ಉತ್ತರಪತ್ರಿಕೆಯ ಮೌಲ್ಯಮಾಪನ ಮಾಡದಂತೆ ತಡೆಯಲು ಸಮಿತಿ ಶಿಫಾರಸು ಮಾಡಬಹುದು. ಅಂಕಗಳ ಭಯಕ್ಕೆ ಇದೇ ಉತ್ತರ.

ಅತ್ಯಾಚಾರದಂಥ ಘೋರ ಅಪರಾಧದಲ್ಲಿ ಸಮಿತಿಯ ವಿಚಾರಣೆಗಾಗಿ ಕಾಯಬೇಕಾಗಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ಅಪರಾಧ ಎಲ್ಲಿಯೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ನೀಡಬಹುದು. ಪುಣೆಯಲ್ಲಿ ನೊಂದವಳು ಧಾರವಾಡಕ್ಕೆ ಮರಳಿ ಬಂದ ಮೇಲೂ ಅಲ್ಲಿನ ಠಾಣೆಗೆ ಹೋಗಬಹುದು. ಅತ್ಯಾಚಾರಕ್ಕೊಳಗಾದವರಿಗೆ ಸರ್ಕಾರಿ, ಖಾಸಗಿ ಆಸ್ಪತ್ರೆಗಳೆರಡೂ ಉಚಿತ ಚಿಕಿತ್ಸೆ ನೀಡಲು ಬದ್ಧವಾಗಿವೆ. ತುರ್ತು ನೆರವಿಗೆ 112, ಮಹಿಳಾ ಸಹಾಯವಾಣಿಗೆ 181 ಸಂಖ್ಯೆಗಳಿವೆ.

ರಕ್ಷಣೆಯ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು ಕಟ್ಟಿಹಾಕುವುದು ಪರಿಹಾರವಲ್ಲ. ಸುರಕ್ಷತೆಯ ನೆಪದಿಂದ ವಿದ್ಯಾರ್ಥಿನಿಯರ ವಸತಿ ನಿಲಯಗಳಿಗೆ ತಾರತಮ್ಯದ ನಿಯಮಗಳನ್ನು ಹೇರಕೂಡದೆಂದು ಅದೇ ವಿನಿಯಮಗಳು ಸಾರುತ್ತವೆ. ಸಮಿತಿಯ ಸದಸ್ಯರು ಯಾರೆಂಬುದನ್ನು ಪ್ರವೇಶದ ದಿನವೇ ತಿಳಿದುಕೊಳ್ಳುವುದು ಪ್ರತಿಯೊಬ್ಬ ವಿದ್ಯಾರ್ಥಿಗೂ ಹಿತಕರ. ಪೋಷಕರ ಹೊಣೆಯೂ ಕಿರಿದಲ್ಲ. ದೂರು ಕೊಟ್ಟರೂ ಓದು ನಿಲ್ಲುವುದಿಲ್ಲವೆಂಬ ಭರವಸೆ ಮನೆಯಿಂದ ಮೊದಲೇ ದೊರೆತಿದ್ದರೆ, ನೊಂದ ಮಗಳು ಮೂರು ತಿಂಗಳ ಅವಧಿಯನ್ನು ಮೌನದಲ್ಲಿ ಕಳೆಯಲಾರಳು.